ನಮ್ಮ ಮಾಮಾನ ಥರ್ಡ್ ಪಾರ್ಟಿ

ನನ್ನ ಸೋದರಮಾವನ ಮನೆಗೆ ಹೋದವರಿಗೆ ಚಹಾ ಬರುವುದು ತಡವಾಗಬಹುದು, ವಿಮೆಯ ಪ್ರಶ್ನೆ ಮಾತ್ರ ಚಪ್ಪಲಿ ಬಿಡುವ ಮೊದಲೇ ಬರುತ್ತದೆ. "ಯಾವ ಗಾಡಿ ಮ್ಯಾಲ ಬಂದ್ರಿ? ಥರ್ಡ್ ಪಾರ್ಟಿ ಅದನೋ ಫುಲ್ ಅದನೋ? ಯಾವಾಗ ಮುಗೀತದ?" ಇಷ್ಟಕ್ಕೆ ಉತ್ತರ ಸಿಕ್ಕ ಮೇಲೆಯೇ "ಮತ್ತ, ಆರಾಮ ಇದ್ದೀರಿ?" ಎನ್ನುವುದು. ಉತ್ತರ ಗೊತ್ತಿಲ್ಲದವರನ್ನು ಅವನು ಗಾಡಿಯ ತನಕ ವಾಪಸು ಕರೆದೊಯ್ದು, ಡಿಕ್ಕಿ ತೆಗೆಸಿ, ಕಾಗದ ಹೊರಗೆ ತೆಗೆಸಿ, ಬಿಸಿಲಿನಲ್ಲಿ ನಿಲ್ಲಿಸಿಕೊಂಡು ಓದಿ ಹೇಳುತ್ತಾನೆ. ಸೊಲ್ಲಾಪುರದ ಬಿಸಿಲು ಗೊತ್ತಿದ್ದವರಿಗೆ ಇದರ ಪೂರ್ತಿ ಅರ್ಥ ಆಗುತ್ತದೆ. ನಮ್ಮ ನೆಂಟರಲ್ಲಿ ಕೆಲವರು ಈಗ ಅವನ ಮನೆಗೆ ನಡೆದೇ ಬರುತ್ತಾರೆ. ಕೇಳಿದರೆ ಡಾಕ್ಟರು ಹೇಳಿದ್ದಾರೆ ಅನ್ನುತ್ತಾರೆ.

ಹಾಗಾದರೆ ಅವನು ವಿಮೆ ಏಜೆಂಟನೇ? ಅಲ್ಲ. ಅವನದು ಸೊಲ್ಲಾಪುರದ ಪೇಟೆಯಲ್ಲಿ ಚಾದರದ ಅಂಗಡಿ. ಏಜೆಂಟರೇ ಅವನಿಗೆ ಹೆದರುತ್ತಾರೆ. ಒಬ್ಬ ಹೊಸ ಏಜೆಂಟ್ ಒಮ್ಮೆ ಕಾಗದದ ಕೊನೆಯ ಪುಟ ತೆರೆದು "ಇಲ್ಲೊಂದು ಸಹಿ ಮಾಡ್ರಿ" ಅಂದ. ಮಾಮಾ ಮೊದಲ ಪುಟಕ್ಕೆ ತಿರುಗಿಸಿದ. ಓದಿದ. ಪ್ರತಿ ಷರತ್ತಿಗೂ "ಇದರ ಅರ್ಥ ಏನ್ರಿ?" ಎಂದು ಕೇಳಿದ. ಏಜೆಂಟನಿಗೂ ಅರ್ಥ ಗೊತ್ತಿರಲಿಲ್ಲ. ಊಟದ ಹೊತ್ತು ದಾಟಿತು. ಆ ಹುಡುಗ ಗಾದಿಯ ಮೇಲೆ ಗೋಡೆಗೆ ಒರಗಿದ್ದವನು ಹಾಗೇ ನಿದ್ದೆ ಹೋದ. ಮಾಮಾ ಅವನ ಮೇಲೆ ಒಂದು ಹೊಸ ಚಾದರ ಹೊದಿಸಿ ಮುಂದಿನ ಪುಟ ತಿರುಗಿಸಿದ.

ಈ ಗೀಳು ಅವನಿಗೆ ಅಂಟಿದ್ದು ಪಕ್ಕದ ಅಂಗಡಿಯಿಂದ. ಅಲ್ಲಿ ಒಮ್ಮೆ ವೈರು ಸುಟ್ಟು ಬೆಂಕಿ ಬಿತ್ತು. ಅಂಗಡಿಯವನು ವಿಮೆ ಮಾಡಿಸಿದ್ದ, ಧೈರ್ಯವಾಗಿಯೇ ಇದ್ದ. ಆಮೇಲೆ ನೋಡಿದರೆ ವಿಮೆ ಕಟ್ಟಡಕ್ಕೆ ಮಾತ್ರ ಇತ್ತು, ಒಳಗಿನ ಬಟ್ಟೆಗೆ ಇರಲಿಲ್ಲ. ಕಲ್ಲಿನ ಗೋಡೆಗೆ ಕಪ್ಪು ಹಿಡಿದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಬಟ್ಟೆ ಒಂದು ಗೇಣೂ ಉಳಿದಿರಲಿಲ್ಲ. ಆ ಮನುಷ್ಯ ಮೆಟ್ಟಿಲ ಮೇಲೆ ಕೂತು, "ಗ್ವಾಡಿ ಉಳದಾವ ನೋಡ್ರಿ, ಗ್ವಾಡಿ ಉಳದಾವ" ಎಂದು ಹೋಗಿಬರುವವರಿಗೆಲ್ಲ ಹೇಳುತ್ತಿದ್ದುದನ್ನು ಮಾಮಾ ನೋಡಿದ. ಅಂದಿನಿಂದ ತನ್ನ ಕಾಗದಗಳನ್ನು ಓದಲು ಕೂತವನು ಇನ್ನೂ ಎದ್ದಿಲ್ಲ.

ಅಂಗಡಿಯ ಕಾಗದ ಮುಗಿದ ಮೇಲೆ ಮನೆಯ ಸರದಿ ಬಂತು. ಮನೆ ವಿಮೆಯಲ್ಲಿ ಕಟ್ಟಡ ಬೇರೆ, ಒಳಗಿನ ಸಾಮಾನು ಬೇರೆ, ಬಂಗಾರ ಮತ್ತೂ ಬೇರೆ ಎಂಬುದನ್ನು ಅವನು ಮಾಮಿಗೆ ತಿಳಿಸಿ ಹೇಳುತ್ತಿದ್ದ. ಮಾಮಿ ಜೋಳದ ಹಿಟ್ಟಿನ ಭಕ್ಕರಿ ಬಡಿಯುತ್ತಿದ್ದಳು.

"ಫ್ರಿಜ್ ಸಾಮಾನಿನ್ಯಾಗ ಬರ್ತದ. ಕಪಾಟ ಗ್ವಾಡಿಯೊಳಗ ಇದ್ರ ಕಟ್ಟಡ, ಹೊರಗಿದ್ರ ಸಾಮಾನು," ಅಂದ ಮಾಮಾ.

"ನಾ ಯಾವುದರಾಗ ಬರ್ತೀನ್ರಿ?" ಅಂದಳು ಮಾಮಿ.

ಮಾಮಾ ತಮಾಷೆ ಎಂದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿದ. "ನೀ ಸಾಮಾನು ಅಲ್ಲ," ಅಂದ. "ನೀ ಗ್ವಾಡಿ."

ಮಾಮಿ ಆ ದಿನ ಅವನಿಗೆ ಒಂದು ಭಕ್ಕರಿ ಹೆಚ್ಚು ಬಡಿಸಿದಳೆಂದು ನನಗೆ ನೆನಪಿದೆ.

ಎಲ್ಲ ಕಡೆಯೂ ಹೀಗೆ ಚೆನ್ನಾಗಿ ಮುಗಿಯುತ್ತಿರಲಿಲ್ಲ. ಅಕ್ಕಲಕೋಟದಲ್ಲಿ ನಮ್ಮ ನೆಂಟರ ಮದುವೆ ಇತ್ತು. ಮದುಮಗನ ಮೆರವಣಿಗೆಯ ಕಾರು ನಡೆಸಲು ಅವನ ತಮ್ಮ ಕೂತಿದ್ದ. ಮಾಮಾ ಕಿಟಕಿಯಲ್ಲಿ ತಲೆ ಹಾಕಿ "ಲೈಸನ್ಸ್ ಅದ ಏನಪಾ?" ಎಂದು ಕೇಳಿದ. ಇರಲಿಲ್ಲ. ಲೈಸನ್ಸ್ ಇಲ್ಲದವನು ನಡೆಸಿದರೆ ವಿಮೆ ಇದ್ದೂ ಇಲ್ಲದ ಹಾಗೆ, ಕಂಪನಿ ಕೈ ಎತ್ತಬಹುದು, ಎತ್ತದಿದ್ದರೂ ಆಮೇಲೆ ಮಾಲಕನ ಬೆನ್ನು ಹತ್ತಬಹುದು ಎಂದು ಬ್ಯಾಂಡಿನ ಸದ್ದಿನ ನಡುವೆ ಕೂಗಿ ಹೇಳಿ, ಕೀಲಿ ಕಸಿದುಕೊಂಡು ತಾನೇ ಕೂತ. ಅವನು ಎಷ್ಟು ನಿಧಾನವಾಗಿ ನಡೆಸಿದನೆಂದರೆ ಬ್ಯಾಂಡಿನವರೂ ಕುಣಿಯುವ ಹುಡುಗರೂ ಮಂಟಪ ಮುಟ್ಟಿ, ನೀರು ಕುಡಿದು, ಗಾಳಿ ಹಾಕಿಕೊಳ್ಳುತ್ತಾ ಕೂತರು. ಮದುಮಗ ತನ್ನದೇ ಮೆರವಣಿಗೆಗೆ ತಡವಾಗಿ ಬಂದ.

ಮಾಮಾ ಬಾಯಿಪಾಠ ಮಾಡಿದ್ದ ಷರತ್ತುಗಳಲ್ಲಿ ಒಂದನ್ನು ಮಾತ್ರ ಅವನು ಮಂತ್ರದ ಹಾಗೆ ಹೇಳುತ್ತಿದ್ದ. ಗಾಡಿಯಿಂದ ಯಾರಿಗಾದರೂ ಪೆಟ್ಟಾದರೆ, ಕಂಪನಿಯ ಒಪ್ಪಿಗೆ ಇಲ್ಲದೆ ಮಾಲಕ ತಪ್ಪು ಒಪ್ಪಿಕೊಳ್ಳಬಾರದು, ಏನೂ ಕೊಡುತ್ತೇನೆಂದು ಮಾತು ಕೊಡಬಾರದು ಎನ್ನುವ ಷರತ್ತು.

"ನೀರ ಕೊಡು, ದವಾಖಾನಿಗಿ ಒಯ್ಯಿ, ಪೊಲೀಸರಿಗಿ ತಿಳಸು, ಕಂಪನಿಗಿ ತಿಳಸು. ಆದ್ರ 'ತಪ್ಪು ನಂದು' ಅಂತ ಬಾಯಿ ಬಿಡಬ್ಯಾಡ," ಎನ್ನುತ್ತಿದ್ದ.

"ಕಂಪನಿ ಯಾಕ ಸುಮ್ಮ ಹೆದರ್ತದೋ," ಎಂದು ಮಾಮಿ ನನ್ನ ಕಡೆ ತಿರುಗಿ ಹೇಳುತ್ತಿದ್ದಳು. "ಇಷ್ಟ ವರ್ಷ ಆತು ಲಗ್ನ ಆಗಿ. ತಪ್ಪು ನಂದು ಅಂತ ಇವರ ಬಾಯಾಗ ನಾ ಒಮ್ಮಿನೂ ಕೇಳಿಲ್ಲ."

ಇಂಥ ಮನುಷ್ಯನ ಕಾರಿನಲ್ಲಿ ಒಂದು ಚಳಿಗಾಲದ ಬೆಳಿಗ್ಗೆ ನಾವು ಮೂವರೂ ಅಕ್ಕಲಕೋಟದ ಕಡೆ ಹೊರಟಿದ್ದೆವು. ನಾನು ಅಲ್ಲಿನ ಕನ್ನಡ ಸಾಲಿಯಲ್ಲಿ ಮಾಸ್ತರಿಕೆ ಮಾಡುವವಳು. ರಜೆ ಮುಗಿದು ಹೊರಟಿದ್ದೆ. ಮಾಮಿಗೆ ಅಲ್ಲಿನ ಗುಡಿಗೆ ಹೋಗುವುದಿತ್ತು. ಅವಳು ಮುಂದೆ ಕೂತಿದ್ದಳು, ನಾನು ಹಿಂದೆ. ದಾರಿಯ ಮೇಲಿನ ಕುಂಭಾರಿ ಎಂಬ ಹಳ್ಳಿ ಹತ್ತಿರ ಬರುತ್ತಿತ್ತು. ರಸ್ತೆಯ ಎರಡೂ ಕಡೆ ಜೋಳ ಎದೆಯುದ್ದ ನಿಂತಿತ್ತು. ಮಾತಿಗೆ ಏನಾದರೂ ಬೇಕಲ್ಲ ಎಂದು ನಾನು ಕೇಳಿದೆ, "ಮಾಮಾ, ಈ ಥರ್ಡ್ ಪಾರ್ಟಿ, ಥರ್ಡ್ ಪಾರ್ಟಿ ಅಂತೀಯಲ್ಲ, ಅಂದ್ರ ಯಾರು?"

ಮಾಮಾನ ಮುಖ ಕನ್ನಡಿಯಲ್ಲಿ ಅರಳಿದ್ದು ಕಾಣಿಸಿತು. ಅವನಾಗಿ ಎಲ್ಲರಿಗೂ ಹೇಳಿದ್ದನೇ ಹೊರತು ಅವನನ್ನು ಯಾರೂ ಯಾವತ್ತೂ ಕೇಳಿರಲಿಲ್ಲ.

"ನೋಡವ್ವಾ. ಫಸ್ಟ್ ಪಾರ್ಟಿ ನಾ. ಸೆಕೆಂಡ್ ಪಾರ್ಟಿ ಕಂಪನಿ. ಥರ್ಡ್ ಪಾರ್ಟಿ ಅಂದ್ರ ನಾವಿಬ್ರೂ ಇನ್ನಾ ನೋಡಿಲ್ಲದಾಂವ. ಅವನ ಹೆಸರ ಗೊತ್ತಿಲ್ಲ, ಊರ ಗೊತ್ತಿಲ್ಲ. ನಿನ್ನ ಗಾಡಿಗೆ ಫುಲ್ ವಿಮಾ ಮಾಡಸು, ಬಿಡು, ಅದು ನಿನ್ನ ಮರ್ಜಿ ಅಂತದ ಸರಕಾರ. ಆದ್ರ ಆ ಗೊತ್ತಿಲ್ಲದ ಮನಿಶ್ಯಾನ ವಿಮಾ ಮಾಡಸದ ರಸ್ತಾಕ್ಕ ಇಳೀಬ್ಯಾಡ ಅಂತದ. ಎಂಥ ಮಾತಿದು ವಿಚಾರ ಮಾಡು. ನಾ ವರ್ಷಾ ರೊಕ್ಕ ತುಂಬೂದು ಯಾರ ಸಲುವಾಗಿ? ಎಂದೂ ನೋಡಿರದ ಒಬ್ಬ ಮನಿಶ್ಯಾನ ಸಲುವಾಗಿ..."

ಈ ಕೊನೆಯ ಮಾತು ಹೇಳುವಾಗ ಅವನು ಪೂರ್ತಿ ಹಿಂದಕ್ಕೆ ತಿರುಗಿ ನನ್ನ ಮುಖ ನೋಡುತ್ತಿದ್ದ. ಮಾಮಿ ಚೀರಿದಳು.

ರಸ್ತೆಯ ತುಂಬ ಕುರಿ ಇದ್ದವು. ನಡುವೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಹಿರಿಯ, ನಿಲ್ಲಿಸಿರೆಂದು ಕೋಲು ಎತ್ತಿ ಹಿಡಿದು ನಿಂತಿದ್ದ. ಮಾಮಾ ಬ್ರೇಕ್ ಒತ್ತಿದ. ನಾವು ಜೋರಾಗೇನೂ ಹೋಗುತ್ತಿರಲಿಲ್ಲ, ಮಾಮಾ ಯಾವತ್ತೂ ಜೋರಾಗಿ ಹೋಗಿಲ್ಲ. ಆದರೂ ಕಾರಿನ ಮೂಲೆ ಆ ಮನುಷ್ಯನಿಗೆ ಬಡಿಯಿತು. ಅವನು ಪಕ್ಕಕ್ಕೆ ಬಿದ್ದ. ಕಾಲು ಇರಬಾರದ ರೀತಿಯಲ್ಲಿ ಮಡಿಸಿಕೊಂಡಿತ್ತು.

ಜನ ಸೇರಿದರು. ಯಾರೋ ಒಬ್ಬ ಮಾಮಾನ ಕಿವಿಯಲ್ಲಿ, "ಕುರಿ ಒಮ್ಮೆಲೆ ಅಡ್ಡ ಬಂದ್ವು ಅನ್ರಿ, ಮುಗೀತು" ಅಂದ. ಮಾಮಾ ಕೇಳಿಸಿಕೊಂಡನೋ ಇಲ್ಲವೋ. ಡಾಂಬರಿನ ಮೇಲೆ ಮೊಣಕಾಲೂರಿ, ಆ ಹಿರಿಯನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಬಾಯಿಂದ ಬಂದ ಮೊದಲ ಮಾತೇ, "ತಪ್ಪು ನಂದು ಅಣ್ಣಾ. ನಾ ಹಿಂದ ನೋಡಿ ಮಾತಾಡಾಕತ್ತಿದ್ದೆ. ನಂದ ತಪ್ಪು."

ಮಾಮಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು.

ಆ ಹಿರಿಯನಿಗೆ ಆಗ ತಪ್ಪು ಯಾರದೆಂಬುದು ಬೇಕಾಗಿರಲಿಲ್ಲ. "ನನ್ನ ಮರಿ ನೋಡ್ರಿ ಯಾರರ," ಎನ್ನುತ್ತಿದ್ದ. ಹಿಂದಿನಿಂದ ಅವನ ಹೆಂಡತಿ ಎರಡೂ ಕಂಕುಳಲ್ಲಿ ಮರಿ ಎತ್ತಿಕೊಂಡು ಓಡಿ ಬಂದಳು. ಮರಿಗಳನ್ನು ಪಕ್ಕದವರ ಕೈಗೆ ಕೊಟ್ಟು, ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಜನ ಎತ್ತಿ ಮಲಗಿಸಿದ ಗಂಡನ ತಲೆ ತನ್ನ ಮಡಿಲಿಗೆ ತೆಗೆದುಕೊಂಡಳು. ಮಾಮಾ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಕುಂಭಾರಿಯ ಒಬ್ಬ ತರುಣ, ಲೈಸನ್ಸ್ ತೋರಿಸಿದ ಮೇಲೆ, ಕಾರನ್ನು ಸೊಲ್ಲಾಪುರದ ದವಾಖಾನೆಯವರೆಗೆ ನಡೆಸಿದ. ಹೌದು, ಅಂಥ ಹೊತ್ತಿನಲ್ಲೂ ಮಾಮಾ ಲೈಸನ್ಸ್ ಕೇಳಿದ. ಅವನನ್ನು ನೋಡಿ ನಾನು ಎಷ್ಟೋ ಸಲ ನಕ್ಕಿದ್ದೇನೆ. ಆವತ್ತು ನಗು ಬರಲಿಲ್ಲ.

ಕಾಲಿಗೆ ಆಪರೇಶನ್ ಆಗಿ ರಾಡ್ ಹಾಕಿದರು. ಮಾಮಾ ತಾನೇ ಪೊಲೀಸರಿಗೆ ತಿಳಿಸಿದ, ಕಂಪನಿಗೆ ತಿಳಿಸಿದ, ದಿನವೂ ದವಾಖಾನೆಗೆ ಹೋಗಿ ಕೂತ. ಮನೆಗೆ ಬಂದವರನ್ನು ಅವನು ಈಗ ಏನೂ ಕೇಳುತ್ತಿರಲಿಲ್ಲ. ಗಾಡಿಯ ಮೇಲೆ ಬಂದವರು ಹೊಸ್ತಿಲಲ್ಲಿ ಒಂದು ಗಳಿಗೆ ಕಾದು ನಿಂತು, ಪ್ರಶ್ನೆ ಬರದಿದ್ದಾಗ ಇರುಸುಮುರುಸಿನಿಂದ ಒಳಗೆ ಬರುತ್ತಿದ್ದರು.

ಆಮೇಲೆ ಒಂದು ಸಂಜೆ ನಾನೂ ಜೊತೆಗಿದ್ದಾಗ ಮಾಮಾ ದವಾಖಾನೆಯ ಮಂಚದ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತು, "ಅಣ್ಣಾ, ನೀವು ನನ್ನ ಮ್ಯಾಲ ಕೇಸ್ ಹಾಕಬೇಕ್ರಿ" ಅಂದ.

ಕುರಿಯವನು ತಲೆದಿಂಬಿನಿಂದ ತಲೆ ಎತ್ತಿದ. "ನಿಮ್ಮ ಮ್ಯಾಲ? ಬ್ಯಾಡ್ರಿ ಸಾವ್ಕಾರ್ರ. ಬಿಟ್ಟು ಓಡಿ ಹೋಗೂ ಮಂದಿ ಐತಿ. ನೀವು ಹೊತ್ಕೊಂಡು ಬಂದ್ರಿ. ನಿಮ್ಮ ಮ್ಯಾಲ ಕೇಸ್ ಹಾಕಿದ್ರ ನಮ್ಮ ದೇವ್ರು ಬೀರಪ್ಪ ಮೆಚ್ಚತಾನೇನ್ರಿ?"

"ನನ್ನ ಮ್ಯಾಲ ಹಾಕ್ಲಿಲ್ಲಂದ್ರ ಕಂಪನಿ ಭರಪಾಯಿ ರೊಕ್ಕ ಕೊಡಾಂಗಿಲ್ರಿ. ಮೊದಲ ನನ್ನ ಹೆಸರು, ಅದರ ಕೆಳಗ ಕಂಪನಿ ಹೆಸರು."

"ಹಂಗಾದ್ರ ಬರೇ ಕಂಪನಿ ಮ್ಯಾಲ ಹಾಕೂಣು."

"ಕಂಪನಿ ಗಾಡಿ ಹೊಡೀಲಿಲ್ಲಲ್ರಿ. ಹೊಡದಾಂವ ನಾ."

ಹಿರಿಯ ತಲೆಯನ್ನು ಮತ್ತೆ ದಿಂಬಿಗಿಟ್ಟ. ಆಮೇಲೆ ಕೇಳಿದ, "ಅವ್ರು ಗಾಡಿ ಹೊಡೀಲಿಲ್ಲ, ಅವ್ರು ಅಲ್ಲಿ ಇರಲೂ ಇಲ್ಲ. ಮತ್ತ ಅವ್ರ್ಯಾಕ ಕೊಡಬೇಕ್ರಿ, ಪಾಪ?"

ವಿಮಾ ಕಂಪನಿಗೆ 'ಪಾಪ' ಅಂದ ಮನುಷ್ಯನನ್ನು ಮಾಮಾ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಇಷ್ಟು ವರ್ಷ ಮದುವೆ ಮುಂಜಿವೆಗಳಲ್ಲಿ ಯಾರ್ಯಾರಿಗೋ ಬೇಡದ ಪಾಠ ಹೇಳಿದವನಿಗೆ ಅಲ್ಲಿ ನಿಜವಾದ ಪರೀಕ್ಷೆ ಎದುರಾಯಿತು. ರಸ್ತೆಗೆ ಗಾಡಿ ಇಳಿಸುವವರೆಲ್ಲ ಮೊದಲೇ ಸ್ವಲ್ಪ ಸ್ವಲ್ಪ ಕೂಡಿಸಿ ಇಡುತ್ತಾರೆ, ಯಾರಿಂದ ಯಾರಿಗೆ ಪೆಟ್ಟಾಗುವುದೋ ಯಾರಿಗೂ ಗೊತ್ತಿಲ್ಲ, ಆದವನಿಗೆ ಆ ಗಂಟಿನಿಂದ ಕೊಡುತ್ತಾರೆ, ಅದು ದಾನವೂ ಅಲ್ಲ, ದಂಡವೂ ಅಲ್ಲ, ಪೆಟ್ಟಾದವನ ಹಕ್ಕು ಎಂದು ಮಾಮಾ ಬಿಡಿಸಿ ಹೇಳಿದ. ಕಾಗದದ ಒಂದು ಪದವನ್ನೂ ಬಳಸದೆ ಅವನು ವಿಮೆಯ ಬಗ್ಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದೆ. ಹಿರಿಯ ಎಲ್ಲ ಕೇಳಿ, "ಮಾತು ಖರೆ ಐತಿ. ಆದ್ರೂ ನಿಮ್ಮ ಮ್ಯಾಲ ಬ್ಯಾಡ್ರಿ" ಅಂದ.

ಕಿಟಕಿಯ ಹತ್ತಿರ ನೆಲದ ಮೇಲೆ ಕೂತಿದ್ದ ಅವನ ಹೆಂಡತಿ ಆಗ ಬಾಯಿ ಬಿಟ್ಟಳು. "ಇವ್ರು ಚಲೋ ಮನಿಶ್ಯಾರು, ಇರ್ಲಿ. ನಾಳಿ ಕುರಿ ಹಿಂದ ಹೋಗವ್ರು ಯಾರು? ಚಲೋತನ ಕುರಿ ಕಾಯ್ತದೇನು? ಹಾಕ್ರಿ ಕೇಸ್."

"ನೋಡ್ರಿ, ಅಕ್ಕಗ ತಿಳೀತು," ಅಂದ ಮಾಮಾ. ತನ್ನ ಮೇಲೆ ಕೇಸು ಬಿದ್ದಿತೆಂದು ಇಷ್ಟು ನಿರಾಳವಾದ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ.

ಅಪಘಾತದ ಭರಪಾಯಿಯ ಕೇಸು ಸೊಲ್ಲಾಪುರದ ಕೋರ್ಟಿನಲ್ಲಿ ನಡೆಯಿತು. ಮೊದಲ ದಿನವೇ ಮಾಮಾ ಒಂದು ಎಡವಟ್ಟು ಮಾಡಿದ. ಕೋರ್ಟಿನ ಪಡಸಾಲೆಯ ಬೆಂಚಿನ ಮೇಲೆ, ತನ್ನ ಮೇಲೆ ಕೇಸು ಹಾಕಿದವನ ಪಕ್ಕದಲ್ಲಿ ಕೂತು, ಡಬ್ಬಿ ಬಿಚ್ಚಿ, ಶೇಂಗಾ ಚಟ್ನಿ ಹಂಚಿಕೊಂಡು ತಿಂದ. ಕಂಪನಿಯ ವಕೀಲರು ಅದನ್ನು ನೋಡಿಬಿಟ್ಟರು. ಇಬ್ಬರೂ ಸೇರಿ ಕಂಪನಿಗೆ ಟೋಪಿ ಹಾಕುತ್ತಿದ್ದಾರೆ ಎಂಬ ಅನುಮಾನ ಅವರಿಗೆ ಬಂತು. ಬಾರದೆ ಇರುತ್ತದೆಯೇ? ಅಷ್ಟು ಪ್ರೀತಿಯಿಂದ ವಾದಿ ಪ್ರತಿವಾದಿಗಳು ಊಟ ಮಾಡುವುದನ್ನು ಆ ಪಡಸಾಲೆ ಹಿಂದೆಂದೂ ಕಂಡಿರಲಿಕ್ಕಿಲ್ಲ. ಕುರಿಯವನ ವಕೀಲರು ಮಾಮಾನನ್ನು ಕರೆದು ಗದರಿಸಿದರು. ಕೇಸು ಮುಗಿಯುವ ತನಕ ಅವನ ಹತ್ತಿರ ಸುಳಿಯಕೂಡದೆಂದರು.

ಹಾಗಾಗಿ ಮುಂದಿನ ತಾರೀಖುಗಳಲ್ಲಿ ಮಾಮಾ ಪಡಸಾಲೆಯ ಈ ತುದಿಯಲ್ಲಿ, ಹಿರಿಯ ಆ ತುದಿಯಲ್ಲಿ. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಾ ಕೂರುತ್ತಿದ್ದರು, ಜಗಳವಾಡಿದ ಸಾಲಿ ಹುಡುಗರ ಹಾಗೆ. ಮಾಮಿ ಮಾತ್ರ ಡಬ್ಬಿ ಹಿಡಿದುಕೊಂಡು ಎಲ್ಲರ ಮುಂದೆ ಈ ತುದಿಯಿಂದ ಆ ತುದಿಗೆ ನಡೆದಳು. ಯಾರೋ ತಡೆದು ಕೇಳಿದ್ದಕ್ಕೆ, "ನಾ ಫಸ್ಟೂ ಅಲ್ಲ, ಸೆಕೆಂಡೂ ಅಲ್ಲ, ಥರ್ಡೂ ಅಲ್ಲ. ನನ್ನ ಭಕ್ಕರಿಗಿ ಯಾವ ಪಾರ್ಟಿನೂ ಇಲ್ಲ" ಅಂದಳು.

ಮಾಮಾನ ಸಾಕ್ಷಿಯ ದಿನ ನಾನು ರಜೆ ಹಾಕಿ ಹೋಗಿದ್ದೆ. ಕಂಪನಿಯ ವಕೀಲರು ಮೆತ್ತಗಿನ ಮರಾಠಿಯಲ್ಲಿ ಕೇಳಿದರು, ತಪ್ಪು ಒಪ್ಪಿಕೊಳ್ಳಬಾರದೆಂಬ ಷರತ್ತು ನಿಮಗೆ ಗೊತ್ತಿತ್ತೇ? ಗೊತ್ತಿತ್ತು ಎಂದ ಮಾಮಾ, ಆ ಷರತ್ತನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದ. ವಕೀಲರು ತಮ್ಮ ಕೈಯಲ್ಲಿದ್ದ ಕಾಗದ ನೋಡಿಕೊಂಡರು. ಒಂದು ಅಕ್ಷರವೂ ತಪ್ಪಿರಲಿಲ್ಲ.

ಇಷ್ಟು ಗೊತ್ತಿದ್ದೂ ರಸ್ತೆಯಲ್ಲಿ ಜನರೆದುರು ತಪ್ಪು ನನ್ನದೆಂದು ಏಕೆ ಹೇಳಿದಿರಿ ಎಂಬುದು ಮುಂದಿನ ಪ್ರಶ್ನೆ.

ಮಾಮಾ ಮರಾಠಿಯಲ್ಲೇ ಶುರು ಮಾಡಿದ. ನಡುವೆ ತಡವರಿಸಿ ನಿಂತ. ಆಮೇಲೆ ತನಗೇ ಗೊತ್ತಿಲ್ಲದಂತೆ ಕನ್ನಡಕ್ಕೆ ಬಂದುಬಿಟ್ಟ. "ಅಂವಾ ನನ್ನ ಮಾರಿ ನೋಡಾಕತ್ತಿದ್ರಿ ಸಾಹೇಬ್ರ. ಕಂಪನಿ ಪರವಾನಗಿ ಬರೂತನಕ ನಾ ಅವಗ ಏನ್ ಅನ್ಲಿ?"

ಮರಾಠಿಯಲ್ಲಿ ಹೇಳಿ ಎಂದು ಗುಮಾಸ್ತರು ನೆನಪಿಸಿದರು. ಮಾಮಾ ಹೇಳಿದ. ಆದರೆ ಆ ಕೋಣೆಯಲ್ಲಿ ಮೊದಲ ಸಲವೇ ಅರ್ಥವಾಗದವರು ಕಡಿಮೆ ಇದ್ದರೆಂದು ಕಾಣುತ್ತದೆ, ಮರಾಠಿ ಕೋರ್ಟಾದರೂ ಮನೆಮನೆಯಲ್ಲಿ ಕನ್ನಡವಾಡುವ ಸೊಲ್ಲಾಪುರವಲ್ಲವೇ. ವಕೀಲರು ಕನ್ನಡಕ ತೆಗೆದು ಒರೆಸಿಕೊಂಡು, ಇನ್ನು ಕೇಳುವುದಿಲ್ಲವೆಂದು ಕೂತರು.

ತೀರ್ಪು ಬಂತು. ಆ ಷರತ್ತು ಕಂಪನಿಗೂ ಮಾಲಕನಿಗೂ ನಡುವಿನದು, ಪೆಟ್ಟಾದವನ ಹಕ್ಕಿಗೆ ಅದು ಅಡ್ಡಬರುವುದಿಲ್ಲ, ಅವನು ಆ ಕಾಗದಕ್ಕೆ ಸಹಿ ಮಾಡಿದವನಲ್ಲ ಎಂದು ನ್ಯಾಯಾಧೀಶರು ಹೇಳಿದರು. ಕೋಲೆತ್ತಿ ನಿಲ್ಲಿಸಿರೆಂದು ತೋರಿಸಿದವನ ತಪ್ಪೂ ಇದರಲ್ಲಿಲ್ಲವೆಂದರು. ಭರಪಾಯಿ ಅವರ ಖಾತೆಗೆ ಬಂತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ವಿಮೆಯ ಕಾಗದವೂ ಇಲ್ಲಿಗೇ ಮುಗಿಯುತ್ತದೆ.

ಆದರೆ ಆ ಹಿರಿಯ ಎದ್ದು ನಡೆಯಲಿಲ್ಲ. ಎಲುಬು ಕೂಡಿದೆ, ಇನ್ನು ದಿನವೂ ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದರು. ಅವನು ಕುಂಭಾರಿಯ ತನ್ನ ಮನೆಯ ಮುಂದೆ, ಬೇವಿನ ಗಿಡದ ಕೆಳಗೆ, ಹಗ್ಗ ಹೆಣೆದ ಹೊರಸಿನ ಮೇಲೆ ಕೂತು ರಸ್ತೆಯ ಕಡೆ ಬೆನ್ನು ಹಾಕಿದನೆಂದರೆ ಮುಗಿಯಿತು. ಕುರಿಯ ಹಿಂದೆ ಹೆಂಡತಿ ಒಬ್ಬಳೇ ಹೋಗುತ್ತಿದ್ದಳು. ಬಂಧುಗಳು ಹೇಳಿದರು, ಅವಳು ಬೈದಳು, ಅತ್ತಳು. ಅವನು "ನಾಳಿ" ಅನ್ನುತ್ತಿದ್ದ.

ಮಾಮಾ ಕಾರು ನಡೆಸುವುದನ್ನು ಬಿಟ್ಟಿದ್ದ. ಪ್ರತಿ ಐತವಾರ ಎಸ್‌ಟಿ ಬಸ್ಸು ಹಿಡಿದು ಕುಂಭಾರಿಗೆ ಹೋಗುತ್ತಾನೆಂದು ಮಾಮಿ ನನಗೆ ಫೋನಿನಲ್ಲಿ ಹೇಳಿದ್ದಳು. ಅಲ್ಲಿ ಹೋಗಿ ಏನು ಮಾಡುತ್ತಾನೆಂದು ಅವಳಿಗೂ ಗೊತ್ತಿರಲಿಲ್ಲ. "ಪ್ಯಾಂಟಿಗೆಲ್ಲ ಮುಳ್ಳ ಹತ್ತಿಸ್ಕೊಂಡು ಬರ್ತಾರ," ಎಂದಷ್ಟೇ ಅಂದಳು. ಒಂದು ಐತವಾರ ನಾನೂ ಅಕ್ಕಲಕೋಟದಿಂದ ಬಸ್ಸಿನಲ್ಲಿ ಬಂದು ಕುಂಭಾರಿಯಲ್ಲಿ ಇಳಿದೆ.

ನಮ್ಮ ಮಾಮಾ, ಸೊಲ್ಲಾಪುರದ ಚಾದರದ ವ್ಯಾಪಾರಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಕೋಲು ಹಿಡಿದು ಕುರಿ ಕಾಯುತ್ತಿದ್ದ. ಕಾಯುತ್ತಿದ್ದ ಎನ್ನುವುದು ನನ್ನ ಮರ್ಯಾದೆಯ ಮಾತು. ಕುರಿಗಳು ಅವನ ಎಡಕ್ಕೂ ಬಲಕ್ಕೂ, ಒಂದೆರಡು ಅವನ ಕಾಲ ನಡುವೆಯೂ ಹಾದು ಹೋಗುತ್ತಿದ್ದವು. ಅವನು "ಸ್ವಲ್ಪ ನಿಲ್ರಿ, ನಿಲ್ರಿ" ಎಂದು ಗಿರಾಕಿಗಳಿಗೆ ಹೇಳುವ ಹಾಗೆ ಅವುಗಳಿಗೆ ಬಹುವಚನದಲ್ಲಿ ಹೇಳುತ್ತಿದ್ದ. ಹೊರಸಿನ ಮೇಲಿಂದ ಹಿರಿಯ ಕೂಗುತ್ತಿದ್ದ.

"ಎಡಕ್ಕ ತಿರಗಸ್ರಿ ಸಾವ್ಕಾರ್ರ. ಎಡಕ್ಕ. ಅಯ್ಯ, ನೀವ್ಯಾಕ ತಿರಗತೀರಿ, ಕುರಿ ತಿರಗಸ್ರಿ."

ಮಾಮಾ ಮತ್ತೊಂದು ಸುತ್ತು ತಿರುಗಿದ. ಮುಂದಿನ ಟಗರು ಅಷ್ಟರಲ್ಲಿ ಬಂಡಿದಾರಿ ದಾಟಿ ಯಾರದೋ ಜೋಳದ ಹೊಲದ ಕಡೆ ಮುಖ ಮಾಡಿತು. ಹಿಂಡೆಲ್ಲ ಅದರ ಹಿಂದೆ ಹೊರಟಿತು. ಮಾಮಾ ಓಡಿದ. ಅವನು ಓಡಿದಷ್ಟೂ ಅವು ಮುಂದೆ ಓಡಿದವು.

"ಈ ಮನಿಶ್ಯಾ ನನ್ನ ಹಿಂಡ ಹಾಳ ಮಾಡ್ತಾನ," ಎಂದು ಹಿರಿಯ ಬೈದುಕೊಂಡು, ಹೊರಸಿಗೆ ಒರಗಿಸಿದ್ದ ಊರುಗೋಲು ಎಳೆದುಕೊಂಡು ಎದ್ದ. ಒಂದು ಕಾಲು ಎಳೆಯುತ್ತಾ, ಬೈಯುತ್ತಲೇ ಬೇವಿನ ಗಿಡ ದಾಟಿದ, ಅಂಗಳ ದಾಟಿದ, ಬಂಡಿದಾರಿ ದಾಟಿದ. ಹೊಲದ ಬದುವಿನ ಮೇಲೆ ನಿಂತು ಗಂಟಲಿನಿಂದ ಒಂದು ಸದ್ದು ತೆಗೆದ. ಎಲ್ಲ ಕುರಿಗಳೂ ಒಟ್ಟಿಗೆ ತಲೆ ಎತ್ತಿದವು. ಟಗರು ತಿರುಗಿತು, ಹಿಂಡು ತಿರುಗಿತು.

ಅವನ ಹೆಂಡತಿ ನನ್ನ ಪಕ್ಕದಲ್ಲಿ ಕೈಯಲ್ಲಿ ಚಹಾದ ಬಸಿ ಹಿಡಿದುಕೊಂಡು ನಿಂತಿದ್ದಳು. ಬಸಿ ವಾಲಿ ಚಹಾ ಚೆಲ್ಲುತ್ತಿದ್ದುದು ಅವಳಿಗೆ ಗೊತ್ತಾಗಲಿಲ್ಲ.

ಹೋಗುವಾಗ ಸಿಟ್ಟು ಕರೆದುಕೊಂಡು ಹೋಗಿತ್ತು. ತಿರುಗಿ ನೋಡಿದಾಗ ಹೊರಸು ಎಷ್ಟು ದೂರ ಉಳಿದಿದೆಯೆಂದು ಅವನಿಗೆ ಕಾಣಿಸಿತು. ಸ್ವಲ್ಪ ಹೊತ್ತು ಅಲ್ಲೇ ನಿಂತ. ಮಾಮಾ ಏದುಸಿರು ಬಿಡುತ್ತಾ ಅವನ ಹತ್ತಿರ ಬಂದ, ಹೆಗಲು ಸ್ವಲ್ಪ ತಗ್ಗಿಸಿದ. ಹಿರಿಯ ಅದರ ಮೇಲೆ ಕೈ ಇಟ್ಟ. ಇಬ್ಬರೂ ಕುರಿಗಳ ನಡುವೆ ವಾಪಸು ಬರತೊಡಗಿದರು.

"ಮೆತ್ತಗ ನಡೀರಿ ಸಾವ್ಕಾರ್ರ," ಅಂದ ಹಿರಿಯ.

"ನಾ ಮೆತ್ತಗ ನಡ್ಯಾಕತ್ತೀನ್ರಿ ಅಣ್ಣಾ," ಅಂದ ಮಾಮಾ. "ನೀವ ಓಡಾಕತ್ತೀರಿ."